ಸೌಂಡ್ ಡ್ರೈವರ್ ಸಿಗದ ನಿಯಾಝ್

ಕುದ್ರೋಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿರುವ ನಿಯಾಝನ ಮುಂದೆ ರೋಗ ಹೇಳಲು ಬಾಯಿ ತೆರೆದರೆ ಸಾಕು, "ಎಂತ ಇಲ್ಲ ಮಾರಾಯ್ರೆ, ಒಂದು ಫಾರ್ಮ್ಯಾಟ್ ಹೊಡೆಯುವ" ಎನ್ನುತ್ತಾನೆ. ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸ ವಿಂಡೋಸ್ ಹಾಕಿದ ಮೇಲೆ ಅವನ ನಿಜವಾದ ಸಂಭ್ರಮ ಶುರು. ಕೊರಳ ದಾರದಲ್ಲಿ ನೇತಾಡುವ ಪೆನ್‌ಡ್ರೈವ್ ಸಿಕ್ಕಿಸಿ, ವೈಫೈಗೊಂದು, ಪರದೆಗೊಂದು, ಶಬ್ದಕ್ಕೊಂದು ಎಂದು ಅವನ್ನು ನಡೆಸುವ ಡ್ರೈವರ್ ತಂತ್ರಾಂಶ ಹಾಕುತ್ತಾ, ಮದುವೆಮನೆಯಲ್ಲಿ ಬಡಿಸುವವನಂತೆ "ಇದು ಬಂತಾ? ಅದು ಬಂತಾ?" ಎಂದು ಯಂತ್ರವನ್ನೇ ವಿಚಾರಿಸುತ್ತಾನೆ. ಅಜ್ಜನ ಕಾಲದ ಲ್ಯಾಪ್‌ಟಾಪಿನ ಡ್ರೈವರೂ ತನ್ನಲ್ಲಿ ಉಂಟೆಂದು ಬಂದರಿನವರೆಗೂ ಕೇಳುವಂತೆ ಹೇಳುವ ಈತ, ಒಲಿಂಡಾ ಟೀಚರ್ ಮೆಟ್ಟಿಲು ಹತ್ತಿದರೆ ಮಾತ್ರ ಬಿದ್ದ ಸ್ಕ್ರೂ ಹುಡುಕುವ ನೆಪದಲ್ಲಿ ಮೇಜಿನಡಿಗೆ ಬಗ್ಗುತ್ತಾನೆ. ಅವರು ಅವನಿಗೆ ಅಕ್ಷರ ಕಲಿಸಿದವರು. ಅವರ ಲ್ಯಾಪ್‌ಟಾಪಿಗೂ ಅವನು ಒಂದು ಮಾತು ಕೇಳದೆ ಫಾರ್ಮ್ಯಾಟ್ ಹೊಡೆದಿದ್ದ. ತೀರಿಹೋದ ಗಂಡ ಹಾಡಿದ್ದ ಒಂದೇ ಒಂದು ಹಾಡು ಅದರಲ್ಲಿತ್ತೆಂದು ಆಮೇಲೆ ತಿಳಿಯಿತು. "ಹಾಡು ಕಾಣುವುದಿಲ್ಲವಲ್ಲ ನಿಯಾಝ್?" ಎಂದು ಅವರು ಕೇಳಿದಾಗ ಬಾಯಿಂದ ಸುಳ್ಳು ಜಾರಿತು: "ಸೌಂಡ್ ಡ್ರೈವರ್ ಸಿಗಲಿಲ್ಲ ಟೀಚರ್, ಸಿಕ್ಕಿದರೆ ಬರ್ತದೆ." ಆ ಡ್ರೈವರ್ ಅವನ ಕೊರಳಲ್ಲೇ ಇದೆ. ಹಾಕಿದರೆ ಶಬ್ದ ಬಂದೂ ಹಾಡು ಬಾರದೆ ಸುಳ್ಳು ಬಯಲಾಗುತ್ತದೆಂದು ಎರಡು ವರ್ಷದಿಂದ ಆ ಲ್ಯಾಪ್‌ಟಾಪನ್ನು ಮೂಕವಾಗಿಯೇ ಇಟ್ಟಿದ್ದಾನೆ. ತಿಂಗಳಿಗೊಮ್ಮೆ ಬಂದು ವಿಚಾರಿಸುವ ಟೀಚರ್, ಅವನ ತಗ್ಗಿದ ತಲೆ ನೋಡಿ ತಾವೇ ಸಮಾಧಾನ ಹೇಳುತ್ತಾರೆ: "ಬೇಜಾರು ಮಾಡ್ಬೇಡ ಮಗಾ. ನೀನು ಹುಡುಕ್ತಾ ಇದ್ದೀಯಲ್ಲ, ಅಷ್ಟು ಸಾಕು ನನಗೆ."