ಮಡ್‌ಗಾರ್ಡಿಗೆ ಮೀನೆಣ್ಣೆ

ಕಾರು ಮಾರುವುದಿತ್ತು. ಮರುದಿನ ಅಂಕೋಲೆಯಿಂದ ಗಿರಾಕಿ ನೋಡಲು ಬರುವವನಿದ್ದ. ಅವರ್ಸಾದ ಮನೆಯಂಗಳದಲ್ಲಿ ಚಕ್ರ ಬಿಚ್ಚಿ, ಮಡ್‌ಗಾರ್ಡಿನ ಒಳಬದಿಗೆ ಅಂಟಿದ್ದ ಕೆಸರನ್ನೂ ಕಡಲ ಮರಳನ್ನೂ ಬ್ರಷ್ಷಿನಿಂದ ಉಜ್ಜಿ ತೊಳೆದೆ. ಅಲ್ಲಲ್ಲಿ ತುಕ್ಕು ಕಂಡಿತು.

ಬೇಲಿಯಾಚೆ ಬಲೆ ಸರಿಮಾಡುತ್ತಿದ್ದ ನೆರೆಮನೆಯ ಗಣಪಣ್ಣ ಡಬ್ಬಿ ಹಿಡಿದು ಬಂದ.

“ದೋಣಿಗೆ ಬಳಿಯೂದು ಈ ಮೀನೆಣ್ಣೆ. ಹಚ್ಚಿಬಿಡಿ, ತುಕ್ಕು ಮುಂದೆ ಹೋಗೂದಿಲ್ಲ.”

“ವಾಸನೆ?”

“ಎಂತಾ ವಾಸನೆ ಮಾರಾಯ್ರೆ? ನಂಗೆ ಬರೂದಿಲ್ಲ.”

ದಿನವಿಡೀ ಮೀನಿನ ನಡುವೆಯೇ ಇರುವವನ ಮೂಗನ್ನು ನಂಬಿ ಹಚ್ಚಿ, ಚಕ್ರಗಳನ್ನು ಮತ್ತೆ ಜೋಡಿಸಿದೆ.

ಬೆಳಿಗ್ಗೆ ಗಿರಾಕಿ ಬಂದಾಗ ಕೇರಿಯ ಬೆಕ್ಕುಗಳೆಲ್ಲ ಟೈರು ಹತ್ತಿ ಮಡ್‌ಗಾರ್ಡ್ ನೆಕ್ಕುತ್ತಿದ್ದವು. ಆತ ಮೂಗು ಮುಚ್ಚಿಕೊಂಡು, “ಇದ್ರಲ್ಲಿ ಮೀನು ಸಾಗಿಸ್ತಿದ್ರಾ?” ಎಂದ. ಬಾಗಿಲನ್ನೂ ತೆಗೆದು ನೋಡದೆ ಹೋದ.

ಗಣಪಣ್ಣ ಹೇಳಿದ್ದು ನಿಜ, ತುಕ್ಕು ಅಲ್ಲಿಗೇ ನಿಂತಿದೆ. ಕಾರು ಇನ್ನೂ ನನ್ನ ಅಂಗಳದಲ್ಲೇ ಇರುವುದರಿಂದ ಖಚಿತವಾಗಿ ಹೇಳಬಲ್ಲೆ.