ದೊಡ್ಡಿಯ ನೆಲಕ್ಕೆ ಹಬ್ಬಿದ ಹಿತ್ತಲು

ಬೆಳಗಿನ ಆರು ಗಂಟೆ. ಔರಾದ ಪಟ್ಟಣದ ಅಂಚಿನ ಈ ಓಣಿಯಲ್ಲಿ ಹೆಚ್ಚಿನ ಬಾಗಿಲುಗಳು ಇನ್ನೂ ತೆರೆದಿಲ್ಲ. ಹೋಳಿ ಹುಣ್ಣಿಮೆ ಮುಗಿದು ಮೂರು ದಿನವಾಗಿದೆ. ಕಲ್ಲುಗೋಡೆಗಳ ಮೇಲೆ ಮಕ್ಕಳು ಎರಚಿದ ಬಣ್ಣ ಹಾಗೇ ಉಳಿದಿದೆ. ಕೊನೆಯ ಮನೆಯ ಹಿಂದೆ ಧೊಂಡಿಬಾ ಮೊಣಕಾಲೂರಿ ಕೂತಿದ್ದಾರೆ. ಎರಡು ಗೂಟಗಳ ನಡುವೆ ನೆಲಮಟ್ಟಕ್ಕೆ ಒಂದು ಹಗ್ಗ ಬಿಗಿದಿದೆ. ಹಗ್ಗದಲ್ಲಿ ಒಂದೂವರೆ ಗೇಣಿಗೊಂದು ಗಂಟು. ಎಡಗೈ ಗಂಟಿನಿಂದ ಗಂಟಿಗೆ ಸರಿಯುತ್ತದೆ. ಗಂಟು ಸಿಕ್ಕಲ್ಲಿ ಬಲಗೈಯ ಹೆಬ್ಬೆರಳು ಮಣ್ಣಿಗಿಳಿಯುತ್ತದೆ, ಎರಡು ಬೆಂಡೆ ಬೀಜ ಬೀಳುತ್ತವೆ, ಅಂಗೈ ಮಣ್ಣು ಎಳೆದು ಮುಚ್ಚುತ್ತದೆ.

ನಾನು ಒಳಗೆ ಕಾಲಿಡುತ್ತಲೇ ಅವರು ತಲೆ ಎತ್ತುತ್ತಾರೆ. "ಅಲ್ಲೇ ನಿಂದರ್ರಿ. ನಿಮ್ಮ ಎಡಗಾಲ ಹತ್ರ ಚೌಳಿ ಬೀಜ ಹಾಕೇನಿ. ಬಲಕ್ಕ ಸರೀರಿ, ಅಲ್ಲಿ ದಾರಿ ಅದ."

ಅರವತ್ತೊಂದು ವರ್ಷದ ಧೊಂಡಿಬಾ ಅವರಿಗೆ ಕಣ್ಣು ಕಾಣುವುದಿಲ್ಲ. ಹನ್ನೆರಡು ವರ್ಷವಾಯಿತು.

ಔರಾದ, ಭಾಲ್ಕಿ ಕಡೆಯ ಸುಮಾರು ಮೂವತ್ತು ಮನೆಗಳ ಹಿತ್ತಲುಗಳಲ್ಲಿ ಇಂದು ಕಾಯಿಪಲ್ಯ ಬೆಳೆಯುತ್ತಿದ್ದರೆ, ಎಲ್ಲಿ ಏನು ಹಾಕಬೇಕು, ಬಚ್ಚಲ ನೀರು ಎತ್ತ ಹರಿಯಬೇಕು ಎಂದು ಗೆರೆ ಎಳೆದು ಕೊಟ್ಟವರು ಇವರು. ಆ ಮನೆಗಳಿಗೆ ಮೊದಲ ಬೀಜ ಹೋದದ್ದೂ ಇವರ ಮಾಡಿನಲ್ಲಿ ನೇತಾಡುವ ಬಟ್ಟೆಯ ಗಂಟುಗಳಿಂದಲೇ. ಯಾವ ಇಲಾಖೆಯ ಪಟ್ಟಿಯಲ್ಲೂ ಅವರ ಹೆಸರಿಲ್ಲ. ಓಣಿಯವರಿಗೆ ಅವರು ಬರೀ ಧೊಂಡಿಬಾ ಕಾಕಾ.

ಕುರಿ ಕಾಯುವ ಮನೆತನ. ಎಂಟನೆಯ ವಯಸ್ಸಿಗೇ ಅಪ್ಪನ ಹಿಂದೆ ಹೊರಟವರು. ಮಳೆ ನಿಂತ ಮೇಲೆ ಎಂಬತ್ತು ಕುರಿ ಹೊಡೆದುಕೊಂಡು ಮಾಂಜ್ರಾ ದಂಡೆ ಹಿಡಿದು ಮಹಾರಾಷ್ಟ್ರದ ಊರುಗಳವರೆಗೆ ಹೋಗಿ, ಯುಗಾದಿಯ ಹೊತ್ತಿಗೆ ಮರಳುವ ಬದುಕು. ನಲವತ್ತೇಳನೆಯ ವಯಸ್ಸಿನಲ್ಲಿ ಮಂದೆಯ ಅಂಚಿನ ಕುರಿಗಳು ಕಾಣದಾಗತೊಡಗಿದವು. ಎದುರಿಗಿನದು ಕಾಣುತ್ತಿತ್ತು, ಪಕ್ಕದ್ದು ಇಲ್ಲ. ದಣಿವೆಂದುಕೊಂಡರು. ಬೀದರದ ಕಣ್ಣಿನ ಡಾಕ್ಟರ ಬಳಿ ಹೋಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಒಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು.

"ಡಾಕ್ಟರ್ ಛಲೋ ಮನಷ್ಯಾ ಇದ್ರು. ಮೊದಲ ಯಾಕ ಬರ್ಲಿಲ್ಲ ಅಂತ ಬೈಲಿಲ್ರಿ. ಸುಮ್ನ ಕುಂತ್ರು. ಅವಾಗ ನಂಗ ತಿಳೀತು, ಇದು ಮುಗದದ ಅಂತ," ಎನ್ನುತ್ತಾರೆ ಧೊಂಡಿಬಾ.

ಮಗ ಶಿವಕಾಂತ ಕುರಿ ಹಿಡಿದ. ಅಪ್ಪ ಮನೆ ಹಿಡಿದರು. ಮುಂದಿನ ಎರಡು ವರ್ಷ ಗೋಡೆಗೆ ಮುಖ ಮಾಡಿ ಕೂತದ್ದೇ ಹೆಚ್ಚು ಎಂದು ಹೆಂಡತಿ ಪುತಳಾಬಾಯಿ ನೆನೆಯುತ್ತಾರೆ. ಒಂದು ದಿನ ಅವರು ಬೇರೆ ದಾರಿ ಕಾಣದೆ, ಬೀಜ ಬೆರೆತುಹೋದ ಒಂದು ಮೊರವನ್ನು ಗಂಡನ ತೊಡೆಯ ಮೇಲಿಟ್ಟು ಹಸನು ಮಾಡಲು ಹೇಳಿದರು. ಮೆಂತ್ಯ, ರಾಜಗಿರಿ, ಪುಂಡಿ, ಬೆಂಡೆ ಎಲ್ಲ ಒಂದಾಗಿದ್ದವು. ಸಂಜೆಗೆ ನಾಲ್ಕು ಗುಡ್ಡೆ ಬೇರೆಯಾಗಿದ್ದವು. ಒಂದೂ ತಪ್ಪಿರಲಿಲ್ಲ.

"ಮರುದಿನ ತಾವೇ ಕೇಳಿದ್ರು ನೋಡ್ರಿ, ನನ್ನ ಹಿತ್ತಲಕ್ಕ ಕರ್ಕೊಂಡು ಹೋಗು ಅಂತ," ಎನ್ನುತ್ತಾರೆ ಪುತಳಾಬಾಯಿ.

ಆಗ ಹಿತ್ತಲೆಂದರೆ ಬಚ್ಚಲ ಹಿಂದಿನ ಹತ್ತು ಹೆಜ್ಜೆ ನೆಲ, ಒಂದು ನುಗ್ಗೆ ಗಿಡ. ಅಲ್ಲಿ ಅವರು ಬಿತ್ತುವ ಮೊದಲು ಮೂರು ದಿನ ಸುಮ್ಮನೆ ಕೂತರು. ಬೆಳಿಗ್ಗೆ ಬಿಸಿಲು ಮೊದಲು ಕೆನ್ನೆಗೆ ಎಲ್ಲಿ ತಾಗುತ್ತದೆ, ಮಧ್ಯಾಹ್ನ ಗೋಡೆಯ ನೆರಳು ಎಷ್ಟು ಹೆಜ್ಜೆ ಬರುತ್ತದೆ, ಸಂಜೆ ಗಾಳಿ ಯಾವ ಕಿವಿಗೆ ಬಡಿಯುತ್ತದೆ ಎಂದು ಮಣೆ ಎಳೆದುಕೊಂಡು ಜಾಗ ಬದಲಿಸುತ್ತ ತಿಳಿದರು. ಬೇಸಿಗೆಯ ಬಿಸಿಲು ಸಹಿಸುವ ಬೆಂಡೆ, ಚೌಳಿ ಎಂದರೆ ಗೋರಿಕಾಯಿ, ಬಯಲಿಗೆ. ಮೆಂತ್ಯ, ಕೋತಂಬ್ರಿ ನುಗ್ಗೆಯ ನೆರಳಿಗೆ. ಹೀರೆ ಬಳ್ಳಿ ಪಡುವಣ ಗೋಡೆಗೆ. ಇಂದಿಗೂ ಯಾರ ಮನೆಗೆ ಹೋದರೂ ಅವರು ಮೊದಲು ಕೇಳುವುದು ಒಂದು ಮಣೆ.

ಔರಾದದಲ್ಲಿ ಕೆಲಸ ಮಾಡಿ ಈಗ ಭಾಲ್ಕಿಗೆ ವರ್ಗವಾಗಿರುವ ಶಿಕ್ಷಕಿ ಪ್ರಣಾಲಿ, ಎರಡು ವರ್ಷದ ಹಿಂದೆ ಅಲ್ಲಿ ಹೊಸ ಮನೆ ಕಟ್ಟಿದ ಮೇಲೆ ಕಾಕಾನನ್ನು ಕರೆಸಿಕೊಂಡಿದ್ದರು. "ನಾನು ಹಾಳಿ ಮ್ಯಾಲ ಪ್ಲಾನ್ ಬರ್ದು ಇಟ್ಟಿದ್ದೆ. ಟಮಾಟೆ ಇಲ್ಲಿ, ಬದನಿ ಅಲ್ಲಿ ಅಂತ. ಕಾಕಾ ಒಂದಿನ ಪೂರ್ತಿ ಕುಂತು, 'ಟೀಚರ, ನಿಮ್ಮ ಟಮಾಟೆ ಜಾಗಾಕ್ಕ ಹನ್ನೊಂದರ ಮ್ಯಾಲ ಬಿಸಲೇ ಬರಂಗಿಲ್ಲ' ಅಂದ್ರು. ನಾನು ಆ ಮನಿಯಾಗ ಆರು ತಿಂಗಳಿಂದ ಇದ್ದೆ. ನಂಗ ಅದು ಕಂಡಿರಲೇ ಇಲ್ರಿ," ಎನ್ನುತ್ತಾರೆ ಅವರು. ಈಗ ಅವರ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಪಲ್ಯ ಹಿತ್ತಲದ್ದೇ.

ಕುರಿಗಳ ಮಾತು ಬಂದಾಗ ಧೊಂಡಿಬಾ ಬಿತ್ತುವುದನ್ನು ನಿಲ್ಲಿಸಿ ಕೈಯ ಮಣ್ಣು ಕೊಡವಿಕೊಳ್ಳುತ್ತಾರೆ. ಶಿವಕಾಂತ ಹತ್ತು ವರ್ಷ ಮಂದೆ ನಡೆಸಿದ. ಮೇಯಿಸುವ ನೆಲಗಳಿಗೆಲ್ಲ ಒಂದೊಂದಾಗಿ ತಂತಿ ಬೇಲಿ ಬಂತು. ಎಂಬತ್ತು ಇದ್ದದ್ದು ಇಪ್ಪತ್ತೆರಡಕ್ಕೆ ಇಳಿಯಿತು. ಹಿಂದಿನ ದೀಪಾವಳಿಯ ಹಿಂದಿನ ದೀಪಾವಳಿ ಮುಗಿದ ಮೇಲೆ ಅವನ್ನೂ ಮಾರಿ, ಶಿವಕಾಂತ ಬೀದರ ಔರಾದ ನಡುವೆ ಸಾಮಾನು ಸಾಗಿಸುವ ಆಟೋ ಕೊಂಡ. ಕುರಿಗಳನ್ನು ಗಾಡಿಗೆ ಏರಿಸುವಾಗ ಧೊಂಡಿಬಾ ಹೊರಗೆ ಬರಲಿಲ್ಲ.

"ಒಳಗ ಕುಂತಿದ್ದೆ. ಒಂದೊಂದು ಒದರತಿತ್ತು. ಇದು ಬೋಳಿ, ಇದು ಕಪ್ಪು ಕಿವೀದು, ಇದು ಅದರ ಮರಿ. ಎಲ್ಲಾ ಗುರುತು ಸಿಕ್ಕವು. ಇಪ್ಪತ್ತೆರಡೂ ಆದ ಮ್ಯಾಲ ಗಾಡಿ ಚಾಲೂ ಆತು. ಮಗನಿಗೆ ನಾ ಏನೂ ಅನ್ನಲಿಲ್ರಿ. ಅವನೂ ಎರಡು ದಿನ ಉಣಲಿಲ್ಲ."

ಹಿತ್ತಲಿಗೆ ಹೊಂದಿಕೊಂಡ ಕುರಿದೊಡ್ಡಿ ಖಾಲಿಯಾಯಿತು. ನಲವತ್ತಡಿ ಉದ್ದ, ಮೂವತ್ತೈದಡಿ ಅಗಲ. ಮೂರು ತಲೆಮಾರು ಕುರಿಗಳು ಮಲಗಿ ಎದ್ದ ನೆಲ. ಚಳಿಗಾಲವಿಡೀ ಆ ಕಡೆ ಕಿವಿಗೊಟ್ಟು ಕೂತಿದ್ದ ಧೊಂಡಿಬಾ, ಶಿವರಾತ್ರಿ ಕಳೆದ ಮೇಲೆ ಹೆಂಡತಿಗೆ ಹೇಳಿದರು: ನಡುವಿನ ಮುಳ್ಳುಬೇಲಿ ಕಿತ್ತು ಹಾಕು, ಹಿತ್ತಲು ದೊಡ್ಡದು ಮಾಡೋಣ.

ಅದು ಕಳೆದ ವರ್ಷದ ವಸಂತ. ಅಷ್ಟು ಗೊಬ್ಬರ ತಿಂದ ನೆಲದಲ್ಲಿ ಏನು ಹಾಕಿದರೂ ಉಕ್ಕಿ ಬರುತ್ತದೆ ಎಂದು ಇಬ್ಬರೂ ನಂಬಿದ್ದರು. ಎಂಟು ಸಾಲು ಬೆಂಡೆ, ಆರು ಸಾಲು ಚೌಳಿ ಊರಿದರು. ಓಣಿಯ ಕೈಪಂಪಿನಿಂದ ದಿನಕ್ಕೆ ಮೂವತ್ತಾರು ಕೊಡ ನೀರು. ಅಷ್ಟೂ ಪುತಳಾಬಾಯಿಯ ಸೊಂಟದ ಮೇಲೆ. ಹೆಚ್ಚಿನ ಬೀಜ ಮೊಳೆಯಲೇ ಇಲ್ಲ. ಮೊಳೆತವು ಮೂರನೆಯ ಎಲೆ ಬಿಡುವ ಮೊದಲೇ ಅಂಚು ಕಂದಿ ಮುದುಡಿದವು. ನೀರು ಸಾಲದೆಂದು ಧೊಂಡಿಬಾ ಹೇಳಿದರು. ಪುತಳಾಬಾಯಿ ಇನ್ನೂ ಹತ್ತು ಕೊಡ ಹೆಚ್ಚು ಹೊತ್ತರು. ಗಿಡ ಉಳಿಯಲಿಲ್ಲ.

ಒಂದು ಬೆಳಿಗ್ಗೆ, ಕೈಪಂಪಿಗೆ ಬಂದ ನಾಲ್ಕು ಜನರ ಮುಂದೆಯೇ ಧೊಂಡಿಬಾ ಹೆಂಡತಿಯ ಮೇಲೆ ಹರಿಹಾಯ್ದರು: "ನೀ ನೀರು ಹಾಕೇ ಇಲ್ಲ. ಹಾಕೇನಿ ಅಂತ ಬಾಯಿಲೆ ಹೇಳ್ತಿ. ನನಗೇನು ಕಾಣ್ತದ?"

ಪುತಳಾಬಾಯಿ ಕೊಡ ಕೆಳಗಿಟ್ಟರು. "ಕಣ್ಣು ಹೋಗಿ ಹನ್ನೊಂದು ವರ್ಷ ಆತು. ಬಣ್ಣ ಹೇಳೇನಿ, ಹೊತ್ತು ಹೇಳೇನಿ, ಎದುರಿಗೆ ಬಂದವರ ಮಾರಿ ಹೇಳೇನಿ. ಅದರಾಗ ಯಾವುದು ಸುಳ್ಳಿತ್ತು ಹೇಳ್ರಿ," ಎಂದರು. ಪುತಳಾಬಾಯಿ ಒಳಗೆ ಹೋದರು. ಆ ದಿನದಿಂದ ಗಂಡ ಹೆಂಡತಿಯ ನಡುವೆ ಮಾತು ನಿಂತಿತು.

ಮರುದಿನ ಎಲ್ಲರಿಗಿಂತ ಮೊದಲೆದ್ದು ಧೊಂಡಿಬಾ ಒಬ್ಬರೇ ದೊಡ್ಡಿಗೆ ಹೋದರು. ಹದಿನಾಲ್ಕೂ ಸಾಲಿನ ಬುಡಗಳಲ್ಲಿ ಬೆರಳಿಟ್ಟು ನೋಡಿದರು. "ಮುಂಗೈ ಮಟ ಕೈ ಇಳಿಸಿದೆ. ಎಲ್ಲಾ ಕಡಿ ಹಸೀನೇ ಇತ್ರಿ. ಒಂದು ಬುಡ ಸುದ್ದಾ ಒಣಗಿರಲಿಲ್ಲ." ಇದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. "ನಾ ಎಂದೂ ಯಾರ ಮುಂದೂ ಅಕಿಗೆ ಹಂಗ ಅಂದಿರಲಿಲ್ರಿ. ಕಣ್ಣು ಹೋದಾಗ ಸುದ್ದಾ ನಂಗ ಇಷ್ಟು ನಾಚಿಕಿ ಆಗಿರಲಿಲ್ಲ."

ತಪ್ಪಾಯಿತು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬದಲಿಗೆ ಮಗನಿಗೆ ಹೇಳಿ ಕೈಪಂಪಿನಿಂದ ಹಿತ್ತಲಿನವರೆಗೆ ಗೋಡೆಗುಂಟ ಒಂದು ಹಗ್ಗ ಕಟ್ಟಿಸಿದರು. ಒಂದು ಕೈಯಲ್ಲಿ ಹಗ್ಗ, ಹೆಗಲ ಮೇಲೆ ಕೊಡ. ಮೊದಲ ದಿನ ಎರಡು ಕೊಡ ಚೆಲ್ಲಿ, ಮೂರನೆಯದು ತಲುಪಿತು. ಒಂಬತ್ತನೆಯ ದಿನ ಪುತಳಾಬಾಯಿ ಅವರ ಹೆಗಲಿಂದ ಕೊಡ ಇಳಿಸಿಕೊಂಡು, "ಇಲ್ಲಿ ಕಲ್ಲದ, ನೋಡಿ ಬರ್ರಿ," ಎಂದರು. ಮಾತು ಮತ್ತೆ ಶುರುವಾಯಿತು. ಈಗ ಹಳೆಯ ಹಿತ್ತಲು, ಹೊಸ ನೆಲ ಸೇರಿ ದಿನಕ್ಕೆ ಬೇಕಾಗುವ ಮೂವತ್ತಾರು ಕೊಡಗಳಲ್ಲಿ ಇಪ್ಪತ್ತೆರಡು ಧೊಂಡಿಬಾ ಅವರದು, ಹದಿನಾಲ್ಕು ಪುತಳಾಬಾಯಿಯದು.

ಗಿಡ ಸತ್ತದ್ದಕ್ಕೆ ಕಾರಣ ಹುಡುಕಿದವರೂ ಪುತಳಾಬಾಯಿಯೇ. ದೊಡ್ಡಿಯ ಮಣ್ಣನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಮಗನ ಆಟೋದಲ್ಲಿ ಬೀದರಕ್ಕೆ ಹೋದರು. ಗಾಂಧಿ ಗಂಜ ಹತ್ತಿರದ ಸಣ್ಣ ಬೀಜದ ಅಂಗಡಿಯಲ್ಲಿ ಎಪ್ಪತ್ತು ದಾಟಿದ ರಶೀದ ಅಹ್ಮದ ಕೂರುತ್ತಾರೆ. ಗಂಡ ಕಣ್ಣು ಕಾಣುತ್ತಿದ್ದ ಕಾಲದಲ್ಲಿ ಮಳೆಗಾಲಕ್ಕೆ ಬೇಕಾದಷ್ಟು ಬೀಜ ಅಲ್ಲಿಂದಲೇ ತರುತ್ತಿದ್ದರು. ರಶೀದ ಅಹ್ಮದ ಮಣ್ಣನ್ನು ಅಂಗೈಯಲ್ಲಿ ಉಜ್ಜಿ ಮೂಸಿದರು.

"ಬಾಯಿ, ಇದು ಮಣ್ಣಲ್ಲ, ಬರೀ ಹಿಕ್ಕಿ ಅದ," ಎಂದರಂತೆ ಅವರು. "ಇಷ್ಟು ಖಾರ ಇದ್ರ ಬೇರು ಸುಡ್ತದ. ನೀರಂದೂ ತಪ್ಪಿಲ್ಲ, ನಿಮ್ಮದೂ ಇಲ್ಲ. ಮ್ಯಾಲಿನ ಒಂದು ಮೊಳ ತೆಗೀರಿ, ಕೆಂಪು ಮಣ್ಣು ಕೂಡಸ್ರಿ, ಒಂದು ಮಳಿಗಾಲ ತೊಳೀಲಿ. ಜರಾ ಸಬರ್ ಮಾಡ್ರಿ, ಅವಸರ ಬ್ಯಾಡ."

ಹಾಗೇ ಮಾಡಿದರು. ಮೇ ತಿಂಗಳಿಡೀ ಗಂಡ, ಹೆಂಡತಿ, ಮಗ ಮೂವರೂ ಸೇರಿ ಮೇಲಿನ ಪದರ ಅಗೆದು ತೆಗೆದರು. ತೆಗೆದದ್ದನ್ನು ಬೇವಿನ ಬುಡದಲ್ಲಿ ಗುಡ್ಡೆ ಹಾಕಿ ಕೊಳೆಯಲು ಬಿಟ್ಟು, ಆಮೇಲೆ ಬುಟ್ಟಿ ಬುಟ್ಟಿಯಾಗಿ ಓಣಿಯ ಹಿತ್ತಲುಗಳಿಗೆ ಹಂಚಿದರು. ಶಿವಕಾಂತ ಬೀದರದಿಂದ ಖಾಲಿ ಮರಳುವಾಗಲೆಲ್ಲ ಆಟೋದಲ್ಲಿ ಕೆಂಪು ಮಣ್ಣು ತಂದು ಸುರಿದ. ಒಟ್ಟು ನಲವತ್ತೊಂದು ಸಲ. ಮಳೆ ಬಂತು, ನೆಲ ನೆನೆಯಿತು, ಒಣಗಿತು, ಮತ್ತೆ ನೆನೆಯಿತು. ಚಳಿಗಾಲದಲ್ಲೂ ಏನನ್ನೂ ಬಿತ್ತಲಿಲ್ಲ. ಓಣಿಯವರು ಕೇಳಿದರೆ ಧೊಂಡಿಬಾ, "ನೆಲ ಆರಾಮ ಮಾಡ್ಲಿ," ಎನ್ನುತ್ತಿದ್ದರು.

ನಾನು ಹೋದ ದಿನ ನಡೆಯುತ್ತಿದ್ದುದು ಎರಡನೆಯ ಬಿತ್ತನೆ. ಈ ಸಲ ಹೆಚ್ಚಿಲ್ಲ. ಆರೇ ಸಾಲು, ನಾಲ್ಕು ಬೆಂಡೆ, ಎರಡು ಚೌಳಿ. ಮಿಕ್ಕ ನೆಲಕ್ಕೆ ಗೂಟ ಹೊಡೆದು ಹಗ್ಗ ಎಳೆದು ಬಿಟ್ಟಿದ್ದಾರೆ. ಇವು ಬಂದರೆ ಮುಂದಿನ ಮಳೆಗೆ ಅಲ್ಲಿ ಬದನೆ, ಹೀರೆ, ಗೋಡೆಗುಂಟ ಪುಂಡಿ. ಬಾರದಿದ್ದರೆ?

"ಬರದಿದ್ರ ಇನ್ನೊಂದು ವರ್ಷ ಬಿಡ್ತೇನಿ," ಎನ್ನುತ್ತಾರೆ ಧೊಂಡಿಬಾ. "ನಮ್ಮ ಮುತ್ಯಾನ ಕಾಲದಿಂದ ಕುರಿ ಮಲಗಿದ ಜಾಗಾ ಅದು. ಕುರಿ ಹ್ಯಾಂಗೂ ಹೋದವು. ಆ ಜಾಗಾ ಬೀಳು ಬೀಳಬಾರದು, ಇಷ್ಟೇ ನನ್ನ ಮನಸಿನಾಗ ಇರೋದು."

ಬಿಸಿಲೇರುವಷ್ಟರಲ್ಲಿ ಆರನೆಯ ಸಾಲೂ ಮುಗಿಯುತ್ತದೆ. ಪುತಳಾಬಾಯಿ ಸಾಲುಗುಂಟ ತಂಬಿಗೆಯಿಂದ ನೀರು ಹನಿಸುತ್ತ ಬರುತ್ತಾರೆ. ಸೊಸೆ ಸೋನಾಲಿ ಹಳೆಯ ಹಿತ್ತಲಿನಲ್ಲಿ ಕೊಯ್ದ ರಾಜಗಿರಿಯನ್ನು ಕಟ್ಟು ಕಟ್ಟುತ್ತಿದ್ದಾಳೆ. ಬೀಜ ತುಳಿಯದಂತೆ ದಾರಿ ನೋಡಿಕೊಂಡು ನಾನು ಹೊರಡುತ್ತೇನೆ.

ಯುಗಾದಿ ಕಳೆದ ಐದನೆಯ ದಿನ ಮತ್ತೆ ಔರಾದಕ್ಕೆ ಹೋಗುತ್ತೇನೆ. ಕಟ್ಟೆಯ ಮೇಲೆ ಗಂಡ ಹೆಂಡತಿ ಚಹಾ ಕುಡಿಯುತ್ತಿದ್ದಾರೆ. ನಾನು ಕೇಳುವ ಮೊದಲೇ ಪುತಳಾಬಾಯಿ ಎದ್ದು ಹಿತ್ತಲಿಗೆ ಕರೆದೊಯ್ಯುತ್ತಾರೆ. ಆರು ಸಾಲೂ ಮೇಲೆದ್ದಿವೆ. ನಡುನಡುವೆ ಕೆಲವು ಗುಣಿ ಖಾಲಿ ಇವೆ, ಒಂದು ಮೂಲೆಯನ್ನು ಇರುವೆಗಳು ಹಾಳು ಮಾಡಿವೆ. ಉಳಿದ ಗಿಡಗಳಿಗೆಲ್ಲ ಮೂರನೆಯ ಎಲೆ ಬಂದಿದೆ. ಅಂಚು ಎಲ್ಲೂ ಕಂದಿಲ್ಲ.

"ಮೂರನೇ ಎಲಿ ಬಿಟ್ಟದ್ದು ಮುಂಜಾನಿ ನೋಡ್ದೆ. ಅಂಚು ಹಸರದಾವ ಅಂತ ಹೋಗಿ ಹೇಳ್ದೆ," ಎನ್ನುತ್ತಾರೆ ಪುತಳಾಬಾಯಿ. "ಹೌದಾ, ಛಲೋ ಆತು ಅಂದ್ರು. ಮುಟ್ಟಿ ನೋಡ್ಲಿಕ್ಕ ಬರ್ಲಿಲ್ಲ, ಅಷ್ಟೇರಿ."

ಮರಳಿ ಕಟ್ಟೆಗೆ ಬಂದು ಧೊಂಡಿಬಾ ಪಕ್ಕ ಕೂರುತ್ತೇನೆ. ಹಳೆಯ ಹಿತ್ತಲಿನ ಒಂದೊಂದು ಗಿಡವನ್ನೂ ದಿನಾ ಸವರಿ ನೋಡುವವರು, ವರ್ಷವಿಡೀ ಕಾದ ಈ ಗಿಡಗಳನ್ನು ಇನ್ನೂ ಮುಟ್ಟಿ ನೋಡಿಲ್ಲವೇ ಎಂದು ಕೇಳುತ್ತೇನೆ.

ಅವರು ಬಟ್ಟಲು ಕೆಳಗಿಡುತ್ತಾರೆ.

"ಎಳೀ ಗಿಡ ಅವ್ರಿ, ಕೈ ತಾಗಿದ್ರ ಮುರೀತಾವ," ಎನ್ನುತ್ತಾರೆ. "ಅಕಿ ನೋಡ್ಯಾಳ, ಹೇಳ್ಯಾಳ. ಸಾಕಲ್ರಿ."