ಶುಕ್ರವಾರದೊಳಗೆ ಬಿಳಿಯಾಗಬೇಕಿದ್ದ ಗೋಡೆ

ಗಂಟಲಿನ ಡಾಕ್ಟರು ಕೆಲವು ತಿಂಗಳು ಮಾತು ಕಡಿಮೆ ಮಾಡಿ ಎಂದಾಗ ನಾನು ನಕ್ಕುಬಿಟ್ಟೆ. ಬಸವೇಶ್ವರನಗರದ ಬಾಡಿಗೆ ಮನೆಯ ಹಾಲ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವಳಿಗೆ ಮಾತು ಕಡಿಮೆ ಮಾಡಿ ಎನ್ನುವುದು, ದರ್ಶಿನಿಯವನಿಗೆ ಒಲೆ ಆರಿಸಿ ಎಂದ ಹಾಗೆ. ಡಾಕ್ಟರು ನಗಲಿಲ್ಲ. ವರ್ಷಗಟ್ಟಲೆ ಕೂಗಿ ಕೂಗಿ ಧ್ವನಿಪೆಟ್ಟಿಗೆಯಲ್ಲಿ ಗಂಟು ಬಂದಿದೆ, ಕೂಗಬೇಡಿ, ಪಿಸುಗುಟ್ಟಲೂ ಬೇಡಿ, ಸೀಮೆಸುಣ್ಣದ ಪುಡಿಯಿಂದ ದೂರವಿರಿ, ಇಲ್ಲದಿದ್ದರೆ ಇರುವ ದನಿಯೂ ಹೋಗುತ್ತದೆ ಎಂದರು.

ನಮ್ಮ ಮನೆಯವರು ಒಂದು ವರ್ಷ ಟ್ಯೂಷನ್ ನಿಲ್ಲಿಸಿಬಿಡು ಎಂದರು. ಮಕ್ಕಳ ತಾಯಂದಿರು ಅಯ್ಯೋ ಪಾಪ ಎಂದರು. ಜೊತೆಗೇ, ದಸರಾ ರಜೆ ಮುಗಿದ ಮೇಲೂ ಶುರುವಾಗದಿದ್ದರೆ ಕೋಚಿಂಗ್ ಸೆಂಟರ್‌ಗೆ ಸೇರಿಸುತ್ತೇವೆ ಎಂದೂ ಹೇಳಿದರು. ಅವರದೇನೂ ತಪ್ಪಲ್ಲ, ಹತ್ತನೇ ಕ್ಲಾಸು ಯಾರ ಗಂಟಲಿಗೂ ಕಾಯುವುದಿಲ್ಲ. ಆದರೆ ಒಮ್ಮೆ ಹೋದ ಮಕ್ಕಳು ವಾಪಸ್ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಪಾಠ ಹೇಳುವುದು ಬಿಟ್ಟರೆ ಬದುಕಿನಲ್ಲಿ ಇನ್ನೇನು ಮಾಡಲಿ ಎಂದು ನೆನೆದಾಗಲೆಲ್ಲ ಹೆದರಿಕೆಯಾಗುತ್ತಿತ್ತು. ಹೆದರಿಕೆಯಾದಾಗ ನನಗೆ ಹಟ ಬರುತ್ತದೆ. ಬಾಯಿ ಮಾಡುತ್ತಿದ್ದ ಕೆಲಸವನ್ನು ಗೋಡೆಯ ಕೈಲಿ ಮಾಡಿಸುತ್ತೇನೆ ಎಂದು ತೀರ್ಮಾನಿಸಿದೆ.

ಬೇಕಾಗಿದ್ದು ದೊಡ್ಡ ವೈಟ್‌ಬೋರ್ಡು, ಅದೂ ಅಯಸ್ಕಾಂತ ಹಿಡಿಯುವಂಥದ್ದು. ಸಂಖ್ಯೆ, ಚಿಹ್ನೆಗಳ ಬಿಲ್ಲೆ ಮಾಡಿ ಅಂಟಿಸಿ ಅತ್ತಿಂದಿತ್ತ ಸರಿಸಿದರೆ ಅಷ್ಟು ಮಾತು ಉಳಿಯುತ್ತದೆ. ಅಂಗಡಿಯಿಂದ ತಂದು ತೂಗುಹಾಕೋಣವೆಂದರೆ, ಕೆಳಗಿನ ಮನೆಯಲ್ಲಿರುವ ಓನರ್ ಆಂಟಿ ಬೀಗದಕೈ ಕೊಡುವಾಗಲೇ ಗೋಡೆಗೆ ಮೊಳೆ ಹೊಡೆಯಬಾರದು ಎಂದಿದ್ದರು. ಈ ಕಡೆಯ ಓನರ್‌ಗಳು ಏನನ್ನಾದರೂ ಸಹಿಸಿಯಾರು, ಮೊಳೆಯನ್ನು ಮಾತ್ರ ಸಹಿಸುವುದಿಲ್ಲ. ಸ್ಟ್ಯಾಂಡ್ ಇಟ್ಟರೆ ಮಕ್ಕಳು ಕೂರಲು ಜಾಗವಿಲ್ಲ. ಹಾಗಾದರೆ ಬಣ್ಣ ಬಳಿಯಬಹುದೇ ಎಂದು ಕೇಳಿದೆ. ಮನೆ ಬಿಡುವಾಗ ಹೇಗೂ ಬಳಿಸಿಕೊಟ್ಟೇ ಹೋಗಬೇಕಲ್ಲ, ಬಳಿದುಕೋ ಎಂದರು. ಯಾವ ಬಣ್ಣ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಯಸ್ಕಾಂತ ಹಿಡಿಯುವ ಪೇಂಟಿನಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಅದರ ಬಣ್ಣ ಕಪ್ಪು. ಮೊದಲು ಅದನ್ನು ಬಳಿದು, ಅದರ ಮೇಲೆ ಬರೆದು ಅಳಿಸಬಹುದಾದ ಬಿಳಿ ಪೇಂಟು ಬಳಿಯಬೇಕು. ಚಂದ್ರಾ ಲೇಔಟ್‌ನ ಪೇಂಟ್ ಅಂಗಡಿಯವರು ತರಿಸಿಕೊಟ್ಟ ಡಬ್ಬಿಯನ್ನು ಮಹಡಿಗೆ ಹೊತ್ತು ತರುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು. ಪುಡಿಯೆಲ್ಲ ತಳ ಸೇರಿತ್ತು, ಮುದ್ದೆ ಕೋಲಿನಿಂದ ತೊಳಸಿ ತೊಳಸಿ ಮೇಲೆ ತಂದೆ. ಬಾಗಿಲಿಗೆ ನೇರ ಎದುರಿನ ಗೋಡೆಯನ್ನು ಎಮರಿ ಪೇಪರ್‌ನಿಂದ ಉಜ್ಜಿ, ಸುತ್ತ ಟೇಪು ಅಂಟಿಸಿ, ರೋಲರ್ ಹಿಡಿದೆ. ಎರಡು ಕೋಟ್ ಒಣಗಿದ ಮೇಲೆ, ಪರೀಕ್ಷೆಗೆಂದು ಕತ್ತರಿಸಿದ್ದ ಒಂದು ಬಿಲ್ಲೆ ಇಟ್ಟು ನೋಡಿದರೆ ಅದು ಸರ್ರನೆ ಜಾರಿ ನೆಲಕ್ಕೆ ಬಿತ್ತು.

ವಾಸನೆ ಹೋಗಲೆಂದು ಬಾಗಿಲು ತೆರೆದಿಟ್ಟಿದ್ದೆ. ನೀರಿನ ಟ್ಯಾಂಕ್ ನೋಡಲು ಮೆಟ್ಟಿಲು ಹತ್ತುತ್ತಿದ್ದ ಆಂಟಿ ಅಲ್ಲೇ ನಿಂತರು.

"ಅಲ್ಲಮ್ಮಾ, ಲಕ್ಷ್ಮಿ ಬರೋ ಬಾಗ್ಲಿಗೆ ಎದುರಾಗಿ ಕಪ್ಪು ಬಳಿದಿದೀಯಲ್ಲ, ನಮ್ಮನೆ ಏನಾಗ್ಬೇಕು?"

ತಮ್ಮ ಗಂಡನ ಮನೆಯವರು ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಿಂದಲೂ ಯಾವ ಗೋಡೆಗೂ ಕಪ್ಪು ಸೋಕಿಲ್ಲವೆಂದೂ, ಹಬ್ಬದ ದಿನಗಳಲ್ಲಿ ನೋಡಿದವರು ಏನಂದಾರೆಂದೂ ಹೇಳುತ್ತಲೇ ಹೋದರು. ನನ್ನೊಳಗೆ ಉತ್ತರಗಳ ಮೂಟೆಯೇ ಇತ್ತು, ಬಿಚ್ಚುವ ಹಾಗಿರಲಿಲ್ಲ. ಗಂಟಲು ಕೆಟ್ಟಿದೆ ಎಂದು ಅವರಿಗೆ ಗೊತ್ತಿದ್ದರೂ ನನ್ನ ಮೌನ ಕೊಬ್ಬಿನಂತೆ ಕಂಡಿತು. ಹಾಗೆಂದು ಹೇಳಿಯೂ ಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

"ಶುಕ್ರವಾರದೊಳ್ಗೆ ಬೆಳ್ಳಗಾಗುತ್ತೆ ಆಂಟಿ," ಎಂದೆ.

ಒಡೆದ ಪೀಪಿಯಂಥ ಆ ದನಿ ಕೇಳಿ ಅವರೂ ದನಿ ತಗ್ಗಿಸಿದರು. ಶುಕ್ರವಾರದ ಪೂಜೆ ಹೊತ್ತಿಗೆ ಇನ್ನೂ ಕಪ್ಪು ಕಂಡರೆ ತಾವೇ ಆಳು ಕರೆಸಿ ಸುಣ್ಣ ಹೊಡೆಸುವುದಾಗಿ ಹೇಳಿ ಟ್ಯಾಂಕಿನ ಕಡೆ ಹೋದರು.

ಆಗಲೇ ಬಿಳಿ ಬಳಿದಿದ್ದರೆ ಎಲ್ಲರಿಗೂ ನೆಮ್ಮದಿಯಾಗುತ್ತಿತ್ತು. ಆದರೆ ಬಿಲ್ಲೆ ನಿಲ್ಲದ ಬೋರ್ಡಿನ ಮುಂದೆ ನಾನು ಮತ್ತೆ ಬಾಯನ್ನೇ ನೆಚ್ಚಬೇಕಿತ್ತು. ಅವರು ಕೆಳಗಿಳಿದದ್ದೇ ತಡ, ಇನ್ನೊಂದು ಕೋಟ್ ಕಪ್ಪು ಬಳಿದೆ. ಮಾರನೆಯ ದಿನ ಮತ್ತೊಂದು. ಈ ಸಲ ಬಿಲ್ಲೆ ಕಚ್ಚಿ ಹಿಡಿಯಿತು. ಶುಕ್ರವಾರ ಬೆಳಗ್ಗೆ ಬಿಳಿಯ ಕೊನೆಯ ಕೋಟ್ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಆಂಟಿ ಕುಂಕುಮದ ಬಟ್ಟಲು ಹಿಡಿದೇ ಬಂದರು. ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಸಮಾಧಾನವಾಗಿ, ಒಳ್ಳೆಯದಾಗಲಿ ಎಂದು ಮೂಲೆಯಲ್ಲಿ ಒಂದು ಬೊಟ್ಟಿಟ್ಟರು. ಹಸಿ ಇದೆ ಎನ್ನಲು ನಾನು ಬಾಯಿ ತೆರೆದೆ, ದನಿ ಹೊರಡುವಷ್ಟರಲ್ಲಿ ಕುಂಕುಮ ಪೇಂಟಿನಲ್ಲಿ ಕೂತಾಗಿತ್ತು.

ಪೇಂಟು ಗಟ್ಟಿಯಾಗಲು ಉಳಿದ ರಜೆಯೆಲ್ಲ ಬೇಕಾಯಿತು. ಅಯಸ್ಕಾಂತದ ಹಾಳೆ ಕತ್ತರಿಸಿ ಉಳಿದ ಬಿಲ್ಲೆಗಳನ್ನು ಮಾಡುತ್ತಾ ಕಾದೆ. ರಜೆ ಮುಗಿದ ಸಂಜೆ ಮಕ್ಕಳು ಬಂದರು, ಎಲ್ಲರೂ ಅಲ್ಲ. ಕೆಲವರು ಆಗಲೇ ಕೋಚಿಂಗ್ ಸೇರಿಬಿಟ್ಟಿದ್ದರು. ಬಂದವರನ್ನು ಗೋಡೆಗೆ ಹತ್ತಿರ ಕೂರಿಸಿದೆ.

ಗೋಡೆಯ ಮೇಲೆ ಬಿಲ್ಲೆಗಳಿಂದ ಒಂದು ಸಮೀಕರಣ ಕಟ್ಟಿದೆ. ಎಡಗಡೆಯ ಐದನ್ನು ಕಿತ್ತು ಕೈಯಲ್ಲಿ ಹಿಡಿದು ಮಕ್ಕಳ ಕಡೆ ತಿರುಗಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ನಾನೇ ಉತ್ತರ ಕೂಗಿ ಹೇಳಿರುತ್ತಿದ್ದೆ. ಎಲ್ಲ ಮುಗಿಯಿತು, ಇವರೂ ನಾಳೆ ಬರುವುದಿಲ್ಲ ಎಂದುಕೊಂಡೆ. ಆಗ ಬೆಳಗಾವಿ ಕಡೆಯಿಂದ ಹೊಸದಾಗಿ ಬಂದು ಸೇರಿದ್ದ, ಒಂದು ದಿನವೂ ಬಾಯಿ ಬಿಡದ ಹುಡುಗಿ ಎದ್ದು ನಿಂತಳು.

"ಆ ಕಡೆಯಿಂದ್ಲೂ ಐದು ತೆಗೀಬೇಕಲ್ರಿ ಮಿಸ್."

ಯಾಕೆ ತೆಗೆಯಬೇಕು ಎಂದು ಹಿಂದಿನ ಹುಡುಗ ಕೇಳಿದ. ಅವಳು ಮುಂದೆ ಬಂದು ಬಿಲ್ಲೆ ಸರಿಸಿ ತೋರಿಸಿದಳು. ಇನ್ನೊಬ್ಬಳು ಒಪ್ಪಲಿಲ್ಲ, ಅವಳೂ ಬಂದಳು. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಮುಂದೆ ನನಗೇ ಜಾಗವಿಲ್ಲದಂತಾಗಿ ಕುರ್ಚಿಯಲ್ಲಿ ಕೂತುಬಿಟ್ಟೆ. ಖುಷಿಯಾಯಿತು, ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಆ ಹುಡುಗಿಯೇ, ನಾಳೆ ಟ್ಯೂಷನ್ ಇದೆಯೇ ಎಂದು ಕೇಳಿದಳು. ಉಳಿದವರೂ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ತಲೆಯಾಡಿಸಿದ್ದರೂ ಸಾಕಿತ್ತು. ಆದರೆ ಬೆಳಗಿನಿಂದ ಒಂದು ಮಾತೂ ಖರ್ಚು ಮಾಡದೆ ದನಿಯನ್ನು ಕೂಡಿಟ್ಟುಕೊಂಡಿದ್ದೆ.

"ಇದೆ," ಎಂದೆ.